ಅಂಪೈರ್ ಅನಸುಬಾಯಿಯ ತೀರ್ಪು

ವಿಶ್ವವಿದ್ಯಾಲಯದ ಮಹಿಳಾ ಸಾಫ್ಟ್‌ಬಾಲ್ ತಂಡದ ಚರಿತ್ರೆ ಶುರುವಾದದ್ದು ವಾಡಿ ಜಂಕ್ಷನ್ನಿನ ಪ್ಲಾಟ್‌ಫಾರ್ಮಿನ ಮೇಲೆ, 2011ರ ಸೆಪ್ಟೆಂಬರ್ ತಿಂಗಳ ಒಂದು ಮುಂಜಾನೆ. ಆಗ ಅಲ್ಲಿ ಆಟಗಾರ್ತಿಯರು ಯಾರೂ ಇರಲಿಲ್ಲ. ಅನಸುಬಾಯಿ ಒಬ್ಬಳೇ ಎದೆಗೆ ಒಂದು ರಟ್ಟು ಹಿಡಿದುಕೊಂಡು ನಿಂತಿದ್ದಳು. ರಟ್ಟಿನ ಮೇಲೆ ‘ಸಿರಾಜುದ್ದೀನ ಅಂಪೈರ್ ಸಾಹೇಬರು’ ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು.

ಅನಸುಬಾಯಿ ದಂಡೋತಿಯವಳು. ದಿನಾ ಟಂಟಂ ಆಟೋ ಹಿಡಿದು ಚಿತ್ತಾಪುರಕ್ಕೆ ಬಂದು ಅಲ್ಲಿಯ ಒಂದು ಕಾಲೇಜಿನಲ್ಲಿ ಅಟೆಂಡರ್ ಕೆಲಸ ಮಾಡುತ್ತಿದ್ದಳು. ಬೀಗ ತೆಗೆಯುವುದು, ಗಂಟೆ ಬಾರಿಸುವುದು, ಪರೀಕ್ಷೆಯ ದಿನ ಹೊತ್ತು ಮುಗಿದ ಕೂಡಲೇ ಉತ್ತರ ಪತ್ರಿಕೆ ಕಸಿದುಕೊಳ್ಳುವುದು. ಅವಳ ದನಿ ದೊಡ್ಡದಲ್ಲ, ಆದರೆ ಅವಳು ‘ಟೈಮ್ ಆತು’ ಎಂದಮೇಲೆ ಪೆನ್ನು ಆಡಿಸಿದ ವಿದ್ಯಾರ್ಥಿ ಆ ಕಾಲೇಜಿನಲ್ಲಿ ಹುಟ್ಟಿರಲಿಲ್ಲ. ಹೀಗೆ ನಲವತ್ತೈದರ ವಯಸ್ಸಿನವರೆಗೆ ಅವಳು ಗಂಟೆಯ ಮಾತನ್ನು ಉಳಿದವರಿಗೆ ಹೇಳಿದ್ದಳೇ ಹೊರತು ತನ್ನ ಸ್ವಂತ ಮಾತು ಯಾರಿಗೂ ಹೇಳಿರಲಿಲ್ಲ.

ಆ ವರ್ಷ ವಿಶ್ವವಿದ್ಯಾಲಯದಿಂದ ಪತ್ರ ಬಂತು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಐದೂ ಕಡೆಯ ಕಾಲೇಜುಗಳ ಹುಡುಗಿಯರ ಸಾಫ್ಟ್‌ಬಾಲ್ ಪಂದ್ಯಾವಳಿಯನ್ನು ಚಿತ್ತಾಪುರದಲ್ಲಿ ನಡೆಸತಕ್ಕದ್ದು. ದೈಹಿಕ ಶಿಕ್ಷಣದ ಕಾಶೀನಾಥ ಸರ್ ಕಬಡ್ಡಿಯ ಮನುಷ್ಯ. ಫುಟ್‌ಬಾಲ್ ಎಂದು ಟೈಪು ಮಾಡಲು ಹೋಗಿ ಹೀಗಾಗಿದೆಯೇನೋ ಎಂದು ಫೋನ್ ಹಚ್ಚಿ ಕೇಳಿದರು. “ಪತ್ರದಾಗ ಏನದನೋ ಅದಾ ಮಾಡ್ರಿ” ಎಂಬ ಉತ್ತರ ಬಂತು. ಹಿಂದೆಯೇ ಒಂದು ಪೆಟ್ಟಿಗೆ ತುಂಬ ಬ್ಯಾಟುಗಳೂ ಗ್ಲೌಸುಗಳೂ ಬಂದವು. ಹೈದರಾಬಾದಿನಿಂದ ಅಂಪೈರ್ ಬರುವುದೂ ನಿಶ್ಚಯವಾಯಿತು.

ಗಾಡಿ ವಾಡಿಯಲ್ಲಿ ನಿಂತಿತು. ಸಿರಾಜುದ್ದೀನ ಸಾಹೇಬರು ಬಾಗಿಲ ತನಕ ಬಂದರು, ಇಳಿಯಲಿಲ್ಲ. ರಟ್ಟು ಓದಿ ಸಂತೋಷಪಟ್ಟು ಒಂದು ದೊಡ್ಡ ಚೀಲವನ್ನು ಅನಸುಬಾಯಿಯ ಕೈಗೆ ಕೊಟ್ಟರು.

“ಸರ್‌ಗೆ ಸಲಾಮ್ ಹೇಳ್ರಿ ಬಾಯಿ. ಸೊಲ್ಲಾಪುರದಾಗ ನಮ್ಮ ತಮ್ಮನ ಮಗಳ ಮಂಗನಿ ಅದ, ನಾ ಇಳ್ಯಾಂಗಿಲ್ಲ. ಇದರಾಗ ಎಲ್ಲಾ ಅದ, ನಡಿಸ್ಕೊಳ್ರಿ.”

ಗಾಡಿ ಹೋಯಿತು. ಚೀಲದಲ್ಲಿ ಮುಖಕ್ಕೆ ಹಾಕುವ ಜಾಳಿಗೆಯಿತ್ತು, ಎದೆಗೆ ಕಟ್ಟುವ ಮೆತ್ತೆಯಿತ್ತು, ಆರು ಚೆಂಡುಗಳಿದ್ದವು, ಇಂಗ್ಲಿಷಿನ ಒಂದು ನಿಯಮ ಪುಸ್ತಕವಿತ್ತು.

ಅನಸುಬಾಯಿ ಚೀಲ ಹೊತ್ತು ಕಾಲೇಜಿಗೆ ಬರುವಷ್ಟರಲ್ಲಿ ಐದೂ ತಂಡಗಳು ಮೈದಾನದಲ್ಲಿದ್ದವು. ಅಂಪೈರ್ ಮಾತ್ರ ನಿಶ್ಚಿತಾರ್ಥಕ್ಕೆಂದು ಸೊಲ್ಲಾಪುರದ ಹಾದಿಯಲ್ಲಿದ್ದರು. ಪ್ರಿನ್ಸಿಪಾಲರು ಪತ್ರ ತೆಗೆದು ಮತ್ತೊಮ್ಮೆ ಓದಿದರು. ಭಾಗವಹಿಸುವ ಕಾಲೇಜುಗಳ ಯಾವುದೇ ಬೋಧಕ ಸಿಬ್ಬಂದಿ ಅಂಪೈರ್ ಆಗತಕ್ಕದ್ದಲ್ಲ ಎಂದಿತ್ತು. ಹಾಗಾಗಿ ಕಾಶೀನಾಥ ಸರ್ ಬಿದ್ದುಹೋದರು, ಉಳಿದ ಮೇಷ್ಟರುಗಳೆಲ್ಲ ಬಿದ್ದುಹೋದರು. ಗ್ರಂಥಪಾಲಕರು ಬೋಧಕರೋ ಅಲ್ಲವೋ ಎಂದು ಅರ್ಧ ತಾಸು ಚರ್ಚೆಯಾಗಿ, ಹೌದು ಎಂದು ತೀರ್ಮಾನವಾಯಿತು. ಕ್ಲರ್ಕು ರಜೆಯಲ್ಲಿದ್ದ. ಎಲ್ಲರೂ ಅನಸುಬಾಯಿಯ ಕಡೆ ನೋಡಿದರು.

“ನನಗ ಆಟ ಬರಂಗಿಲ್ರಿ ಸರ್” ಎಂದಳು.

“ಆಟ ಬರಬೇಕು ಅಂತ ಪತ್ರದಾಗ ಎಲ್ಲಿ ಹೇಳ್ಯಾರ? ಬೋಧಕರು ಆಗಬಾರದು ಅಂದಾರ ಅಷ್ಟೇ. ನೀವು ಬೋಧಕರೇನು?” ಎಂದರು ಪ್ರಿನ್ಸಿಪಾಲರು.

“ಅಲ್ರಿ.”

“ಮತ್ತ? ಜಾಳಗಿ ಹಾಕ್ಕೊಳ್ರಿ.”

ಅನಸುಬಾಯಿ ಸೆರಗು ಸಿಕ್ಕಿಸಿ, ಎದೆಗೆ ಮೆತ್ತೆ ಕಟ್ಟಿಕೊಂಡು, ಮುಖಕ್ಕೆ ಜಾಳಿಗೆ ಹಾಕಿಕೊಂಡು ನಿಂತಳು. ಕಾಶೀನಾಥ ಸರ್ ಅಲ್ಲಿ ಇಲ್ಲಿ ಕೇಳಿ ಆಟದ ತಿರುಳನ್ನು ಗುರುತು ಮಾಡಿಕೊಂಡು ಬಂದಿದ್ದರು. ಒಬ್ಬಳು ನಡುವೆ ನಿಂತು ಕೆಳಗಿನಿಂದ ಚೆಂಡು ಎಸೆಯಬೇಕು, ಇನ್ನೊಬ್ಬಳು ಬ್ಯಾಟಿನಿಂದ ಹೊಡೆದು ಓಡಬೇಕು, ಮೂರು ಮೂಲೆ ಮುಟ್ಟಿ ಹೊರಟ ಜಾಗಕ್ಕೆ ಮರಳಿದರೆ ಒಂದು ರನ್. ಮೂಲೆಗಳಿಗೆಂದು ಶಹಾಬಾದಿನ ತಂಡದವರೇ ತಮ್ಮೂರಿನ ನಾಲ್ಕು ಚೌಕ ಕಲ್ಲುಗಳನ್ನು ಟೆಂಪೋದಲ್ಲಿ ತಂದಿದ್ದರು. ಎಲ್ಲ ಸರಿಯಿತ್ತು. ಯಾವ ಕಡೆಯಿಂದ ಸುತ್ತಬೇಕು ಎಂಬುದೊಂದನ್ನು ಸರ್ ಬರೆದುಕೊಂಡಿರಲಿಲ್ಲ.

ಮೊದಲ ಪಂದ್ಯ ಸೇಡಂ ಮತ್ತು ಶಹಾಬಾದಿನ ನಡುವೆ. ಸೇಡಂನ ಗುರುದೇವಿ ನಾಲ್ಕನೇ ಎಸೆತಕ್ಕೇ ಚೆಂಡನ್ನು ಪಕ್ಕದ ತೊಗರಿ ಹೊಲಕ್ಕೆ ಅಟ್ಟಿ ತನ್ನ ಎಡಗಡೆಯ ಕಲ್ಲಿನತ್ತ ಓಟ ಕಿತ್ತಳು. ಆ ಕಡೆ ಬೇವಿನ ನೆರಳಿತ್ತು. ಮೂರೂ ಕಲ್ಲು ಮುಟ್ಟಿ ಅವಳು ಮರಳಿ ಬರುವಷ್ಟರಲ್ಲಿ ಶಹಾಬಾದಿನ ಮಹೆವಿಶ ಎರಡೂ ಕೈ ಎತ್ತಿ ನಿಂತಿದ್ದಳು.

“ಅಕ್ಕಾ, ಆಕಿ ಉಲ್ಟಾ ಓಡ್ಯಾಳ!”

“ಸೀದಾ ಯಾವದವ್ವ?” ಎಂದು ಅನಸುಬಾಯಿ ಕೇಳಿದಳು.

“ಅದು ನನಗೂ ಗೊತ್ತಿಲ್ಲ. ಆದ್ರ ಇದು ಉಲ್ಟಾ ಕಾಣಸ್ತದ.”

ಅನಸುಬಾಯಿ ಜಾಳಿಗೆ ಮೇಲಕ್ಕೆತ್ತಿ ಯೋಚಿಸಿದಳು. ಗಂಡ ಚಂದ್ರಾಮನ ಜೊತೆ ಸನ್ನತಿಗೆ ಹೋಗಿ ಸ್ತೂಪ ಸುತ್ತಿದ್ದು ನೆನಪಾಯಿತು.

“ನಡುವ ಚೆಂಡು ಒಗಿಯಾಕಿ ನಿಂತಾಳಲ್ಲ, ಆಕೀನ ಬಲಗೈಗೆ ಇಟಗೊಂಡು ಸುತ್ತಬೇಕು. ಸ್ತೂಪ ಸುತ್ತೂದೂ ಹಂಗ, ಗುಡಿ ಸುತ್ತೂದೂ ಹಂಗ. ಅಂದ್ರ ಮೊದಲು ಎಡಗಡಿ ಕಲ್ಲಿಗೇ ಓಡಬೇಕು. ಗುರುದೇವಿ ಬರಾಬರ್ ಓಡ್ಯಾಳ.”

ಕಾಶೀನಾಥ ಸರ್ ಅದನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡರು. ಮಹೆವಿಶ ಮಾತ್ರ ಕದಲಲಿಲ್ಲ.

“ಅಕ್ಕಾ, ನಮ್ಮ ನಾನಿ ಹಜ್‌ಕ ಹೋಗಿ ಬಂದಾಳ. ಅಲ್ಲಿ ಎಡಗೈಗೆ ಇಟಗೊಂಡು ಸುತ್ತತಾರಂತ.”

“ಖರೇನು?”

“ಬೇಕಾದ್ರ ಫೋನ್ ಹಚ್ಚಿ ಕೇಳ್ರಿ.”

ಫೋನ್ ಹಚ್ಚಿದರು. ಮಹೆವಿಶಳ ಅಜ್ಜಿ ಶಹರಬಾನು ಶಹಾಬಾದಿನಿಂದ ಹತ್ತು ನಿಮಿಷ ವಿವರವಾಗಿ ಹೇಳಿ, ಕೊನೆಗೆ ಯಾರು ಗೆದ್ದರು ಎಂದು ಕೇಳಿದಳು. ಅನಸುಬಾಯಿಗೆ ಧರ್ಮಸಂಕಟವಾಯಿತು. ಒಬ್ಬಳ ರೂಢಿ ಸರಿ, ಇನ್ನೊಬ್ಬಳದು ತಪ್ಪು ಎಂದು ಹೇಳಲು ತಾನು ಯಾರು? ನೂರಕ್ಕೂ ಹೆಚ್ಚು ಕಣ್ಣುಗಳು ಅವಳನ್ನೇ ನೋಡುತ್ತಿದ್ದವು. ಪರೀಕ್ಷೆಯ ದಿನದಂತೆ ನೆಟ್ಟಗೆ ನಿಂತಳು.

“ಕೇಳ್ರಿಲ್ಲಿ. ಯಾರಿಗೆ ಹ್ಯಾಂಗ ರೂಢಿ ಅದನೋ ಹಂಗ ಓಡ್ರಿ. ಎಡಕ್ಕಾದ್ರ ಎಡಕ್ಕ, ಬಲಕ್ಕಾದ್ರ ಬಲಕ್ಕ. ಚೆಂಡು ಹೊಡದ ಕೂಡ್ಲೇ ಟಂಟಂನವರಂಗ ಕೈ ತೋರಿಸಿ ಓಡ್ರಿ. ಇದಾ ಕಡೀ ಮಾತು.”

ಅದೇ ಕಡೆಯ ಮಾತಾಯಿತು. ರೂಢಿ ಮಾತ್ರ ಒಂದು ತಾಸೂ ಉಳಿಯಲಿಲ್ಲ. ಮಹೆವಿಶ ಬೇವಿನ ನೆರಳು ನೋಡಿ ಎಡಕ್ಕೇ ಓಡತೊಡಗಿದಳು, ಬಲಗಡೆ ನಿಂತವಳ ಕೈ ಸಡಿಲ ಎಂದು ಗೊತ್ತಾದ ಮೇಲೆ ಗುರುದೇವಿ ಬಲಕ್ಕೆ. ಒಂದೇ ತಂಡದ ಇಬ್ಬರು ಎರಡು ಕಡೆಯಿಂದ ಓಡಿಬಂದು ನಡುವಿನ ಕಲ್ಲಿನ ಮೇಲೆ ಡಿಕ್ಕಿ ಹೊಡೆದಾಗ, ಬಸ್ಸಿನ ಸೀಟು ಮೊದಲು ದಸ್ತಿಬಟ್ಟೆ ಹಾಕಿದವರದ್ದು ಹೇಗೋ ಹಾಗೆ ಕಲ್ಲು ಮೊದಲು ಮುಟ್ಟಿದವಳದ್ದು ಎಂದಳು ಅನಸುಬಾಯಿ. ಚೆಂಡು ತೊಗರಿಯಲ್ಲಿ ಕಳೆದರೆ ಎರಡೂ ತಂಡ ಸೇರಿ ಹುಡುಕಬೇಕು, ಆ ತನಕ ಓಡುವವಳು ಎಲ್ಲಿದ್ದಾಳೋ ಅಲ್ಲೇ ಕುಂದ್ರಬೇಕು ಎಂದಳು. ಸಂಜೆಯ ಹೊತ್ತಿಗೆ ಸೇಡಂ ಗೆದ್ದಿತು, ಐದೂ ಕಾಲೇಜಿನವರು ಕುಣಿದರು.

ಮರುವರ್ಷವೂ ಅವಳೇ ಅಂಪೈರ್. ಚಿಂಚೋಳಿಯ ಕಾಲೇಜಿನಲ್ಲಿ ಮೈದಾನದ ಸುತ್ತಲಿನ ಗೋಡೆಯ ಮೇಲೆ ಎರಡೂ ದಿಕ್ಕಿಗೆ ಬಾಣದ ಗುರುತು ಬರೆಸಿ ದಿನಾ ಅಭ್ಯಾಸ ಮಾಡಿಸಿದರು. ಐದೂ ಕಾಲೇಜುಗಳಿಂದ ಆರಿಸಿ ವಿಶ್ವವಿದ್ಯಾಲಯದ ತಂಡವನ್ನು ಕಟ್ಟಿದರು, ಗುರುದೇವಿ ನಾಯಕಿಯಾದಳು. ಡಿಸೆಂಬರಿನಲ್ಲಿ ಆ ತಂಡ ತಮಿಳುನಾಡಿಗೆ, ದಕ್ಷಿಣ ವಲಯದ ಪಂದ್ಯಾವಳಿಗೆ ಹೊರಟಿತು.

ಅಲ್ಲಿ ಮೊದಲ ಬ್ಯಾಟು ಮಹೆವಿಶಳದ್ದು. ಚೆನ್ನಾಗಿಯೇ ಹೊಡೆದಳು. ಎಡಗೈ ಚಾಚಿ ಎಡಕ್ಕೆ ಓಡಿದಳು. ಎದುರು ತಂಡದ ಒಂಬತ್ತೂ ಹುಡುಗಿಯರು ಚೆಂಡು ಬಿಟ್ಟು ಅವಳನ್ನೇ ನೋಡುತ್ತ ನಿಂತರು. ಅಂಪೈರ್ ಔಟ್ ಎಂದ. ಯಾಕೆ ಎಂದು ಇವರಿಗೆ ತಿಳಿಯಲಿಲ್ಲ, ಅವನ ವಿವರಣೆಯ ಭಾಷೆಯೂ ತಿಳಿಯಲಿಲ್ಲ. ಆಮೇಲೆ ಬಲಕ್ಕೆ ಓಡಿದ ಒಬ್ಬಳಿಗೆ ರನ್ ಸಿಕ್ಕಿತು, ಎಡಕ್ಕೆ ಓಡಿದವರೆಲ್ಲ ಔಟಾದರು. ಹದಿನೇಳಕ್ಕೆ ಒಂದರಿಂದ ಸೋತು ಬಂದರು. ಕಾಶೀನಾಥ ಸರ್ ತಮ್ಮ ವರದಿಯಲ್ಲಿ ‘ಅಲ್ಲಿಯವರ ನಿಯಮಗಳು ಅಪೂರ್ಣವಾಗಿವೆ’ ಎಂದು ಬರೆದರು.

ಅನಸುಬಾಯಿಗೆ ಮಾತ್ರ ಅನ್ನ ಸೇರಲಿಲ್ಲ. ಕಪಾಟಿನಲ್ಲಿ ಬಿದ್ದಿದ್ದ ಇಂಗ್ಲಿಷ್ ಪುಸ್ತಕ ತೆಗೆದು ಮಹೆವಿಶಳನ್ನು ಕರೆಸಿ ಓದಿಸಿದಳು. ಮಹೆವಿಶ ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳುತ್ತ ಹೋದಳು. ಓಟದ ಪುಟ ಬಂದಾಗ ಅವಳ ದನಿ ತಗ್ಗಿತು.

“ಅಕ್ಕಾ, ಬಲಗಡಿ ಕಲ್ಲಿಗೇ ಓಡಬೇಕಂತ. ಎಲ್ಲಾರೂ. ಯಾವಾಗಲೂ.”

ಅನಸುಬಾಯಿ ಪುಸ್ತಕ ಮುಚ್ಚಿದಳು.

“ನನ್ನ ಮಾತು ಕೇಳಿ ನಿಮ್ಮನ್ನ ಪರರ ಊರಾಗ ನಗಪಾಟಲು ಮಾಡಿದೆ ನೋಡು” ಎಂದಳು.

ತಪ್ಪು ಒಪ್ಪಿಕೊಳ್ಳಬೇಕೆಂದು ಅವಳು ರಜೆ ಹಾಕಿ ಬಸ್ ಹತ್ತಿದಳು. ಸೇಡಂನಲ್ಲಿ ಅವಳನ್ನು ನೋಡಿದ ಪ್ರಿನ್ಸಿಪಾಲರು ಪ್ರಶ್ನೆಪತ್ರಿಕೆ ತಂದಿದ್ದಾಳೆಂದು ತಿಳಿದು, ಅವಳು ಬಾಯಿ ತೆರೆಯುವ ಮುಂಚೆ ‘ತಲುಪಿತು’ ಎಂದು ಬರೆದು ಸಹಿ ಹಾಕಿ ಕಳಿಸಿದರು. ಚಿಂಚೋಳಿಯಲ್ಲಿ, ಬಾಣದ ಗುರುತನ್ನು ಸುಣ್ಣದಲ್ಲಲ್ಲ, ಆಯಿಲ್ ಪೇಂಟಿನಲ್ಲಿ ಬರೆಸಿದ್ದೇವೆ, ಇನ್ನು ಅಳಿಸಲು ಬರುವುದಿಲ್ಲ ಎಂದರು. ಕೊನೆಗೆ ವಿಶ್ವವಿದ್ಯಾಲಯದ ಕ್ರೀಡಾ ವಿಭಾಗಕ್ಕೇ ಹೋದಳು. ಅಲ್ಲಿಯ ಅಧಿಕಾರಿ ಅವಳನ್ನು ಕೂರಿಸಿ, ಚಹಾ ತರಿಸಿ, ಪೂರ್ತಿ ಕೇಳಿ, ಫೈಲು ತೆಗೆದು ನೋಡಿದರು.

“ನಿಮ್ಮನ್ನ ಅಂಪೈರ್ ಅಂತ ಆರ್ಡರ್ ಯಾರು ಕೊಟ್ಟಾರ?”

“ಯಾರೂ ಕೊಟ್ಟಿಲ್ರಿ.”

“ಅಂದ್ರ ನೀವು ಅಂಪೈರೇ ಅಲ್ಲ. ಅಂಪೈರೇ ಅಲ್ಲಂದ್ರ ತಪ್ಪು ಹ್ಯಾಂಗ ಮಾಡ್ತೀರಿ? ನಮ್ಮ ದಾಖಲೆದಾಗ ಅಂಥಾ ತಪ್ಪೇ ಆಗಿಲ್ಲ. ಆಗದ ತಪ್ಪು ತಿದ್ದಾಕ ನನಗ ಅಧಿಕಾರ ಇಲ್ಲ ಬಾಯಿ. ಚಹಾ ಕುಡೀರಿ.”

ಚಹಾ ಕುಡಿದು ಬಂದಳು.

ಮುಂದಿನ ಸೆಪ್ಟೆಂಬರಿನ ಪಂದ್ಯಾವಳಿಯಲ್ಲಿ ಜಾಳಿಗೆ ಹಾಕುವ ಮುಂಚೆ ತಾನೇ ಮೈದಾನದ ನಡುವೆ ನಿಂತು, ಇವತ್ತಿನಿಂದ ಎಲ್ಲರೂ ಬಲಕ್ಕೇ ಓಡತಕ್ಕದ್ದು ಎಂದು ಹೇಳಿದಳು. ಗುರುದೇವಿ ಮುಂದೆ ಬಂದಳು.

“ಅಕ್ಕಾ, ನೀವಾ ಕಡೀ ಮಾತು ಅಂದಿದ್ರಿ. ಎರಡು ವರ್ಷ ಎರಡೂ ಕಡಿ ಓಡೋದು ಕಲ್ತೀವಿ. ಈಗ ಒಂದಾ ಕಡಿ ಅಂದ್ರ ಮಜಾ ಏನ್ ಉಳೀತು?”

“ಹೊರಗ ಹೋದ್ರ ಔಟ್ ಕೊಡ್ತಾರವ್ವ.”

“ಹೊರಗ ಹೋದಾಗ ಬಲಕ್ಕ ಓಡ್ತೀವಿ. ಇಲ್ಲಿ ಯಾಕ?”

ಮೈದಾನದ ತುಂಬ ‘ಹೌದು ಹೌದು’ ಎಂಬ ಗದ್ದಲ. ತನ್ನ ತಪ್ಪನ್ನು ಇಷ್ಟು ಪ್ರೀತಿಯಿಂದ ಹಿಡಿದುಕೊಂಡವರನ್ನು ಅನಸುಬಾಯಿ ಕಂಡಿರಲಿಲ್ಲ. ಸಿಟ್ಟು ಬಂತು, ಅದರ ಹಿಂದೆಯೇ ಅಳುವೂ ಬಂತು. ಎರಡನ್ನೂ ಜಾಳಿಗೆಯೊಳಗೆ ಇಟ್ಟುಕೊಂಡು ಹೇಳಿದಳು: ಮುಂಜಾನೆ ಪುಸ್ತಕದ ಆಟ, ಮಧ್ಯಾಹ್ನದ ಮೇಲೆ ನಮ್ಮ ಆಟ.

ಅಂದಿನಿಂದ ಅದೇ ನಡೆದುಬಂತು. ಕಾಶೀನಾಥ ಸರ್ ನಿವೃತ್ತರಾದರು. ಗುರುದೇವಿ ಸೇಡಂನಲ್ಲಿ ಗ್ರಾಮ ಲೆಕ್ಕಾಧಿಕಾರಿಯಾದಳು. ಮಹೆವಿಶ ದೈಹಿಕ ಶಿಕ್ಷಣ ಓದಿ ಬಂದು ತಂಡದ ಕೋಚ್ ಆದಳು. ಒಂಬತ್ತು ವರ್ಷದಲ್ಲಿ ತಂಡ ಹೊರಗೆ ಹೋದಾಗಲೆಲ್ಲ ಸೋತಿತು. ಕೊರೊನಾದ ವರ್ಷ ಮಾತ್ರ ಸೋಲಲಿಲ್ಲ, ಹೋಗಿರಲೇ ಇಲ್ಲ.

2022ರಲ್ಲಿ ಕೇರಳದಲ್ಲಿ ಆಟ. ಮಹೆವಿಶ ಹಟ ಹಿಡಿದು ಅನಸುಬಾಯಿಯನ್ನು ಸಹಾಯಕಿ ಎಂದು ಕರೆದುಕೊಂಡು ಹೋದಳು. ಅವತ್ತು ಹುಡುಗಿಯರ ಬ್ಯಾಟು ಎಂದಿನಂತೆ ಸಾಧಾರಣ, ಎರಡೇ ರನ್. ಆದರೆ ಎದುರಿನವರು ಓಡಲು ಶುರುಮಾಡಿದಾಗ ಒಂದು ಸಂಗತಿ ಕಂಡಿತು. ಓಡುವವಳು ಯಾವ ಕಡೆ ಹೋಗುತ್ತಾಳೋ ಎಂದು ವರ್ಷಗಟ್ಟಲೆ ತುದಿಗಾಲಿನಲ್ಲಿ ನಿಂತು ಕಲಿತ ಈ ಹುಡುಗಿಯರಿಗೆ, ಎಲ್ಲರೂ ಒಂದೇ ಕಡೆ ಓಡುತ್ತಾರೆ ಎಂಬುದೇ ದೊಡ್ಡ ಆರಾಮ. ಓಡುವವಳು ಹೊರಡುವ ಮುಂಚೆಯೇ ಚೆಂಡು ಮೂಲೆಯ ಹತ್ತಿರ ಕಾಯುತ್ತಿತ್ತು. ಎದುರು ತಂಡಕ್ಕೆ ಒಂದೇ ರನ್ ಸಿಕ್ಕಿತು. ವಿಶ್ವವಿದ್ಯಾಲಯದ ತಂಡ ಮೊದಲ ಬಾರಿ ಗೆದ್ದಿತು. ಮಹೆವಿಶ ಕೂತಲ್ಲೇ ಅತ್ತಳು. ಅನಸುಬಾಯಿ ಅವಳ ಬೆನ್ನು ಸವರುತ್ತ ಎದುರಿನವರು ಪಾಪ ಎಂದು ಮರುಗಿದಳು. ಮರುದಿನದ ಪಂದ್ಯ ಸೋತರು, ಅದನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಮೊದಲ ದಿನ ಇವರಿಗೆ ಸೋತ ತಂಡದ ಕೋಚ್ ಒಬ್ಬ ಎತ್ತರದ ಮನುಷ್ಯ. ಗುಟ್ಟೇನು ಎಂದು ಕೇಳಿಕೊಂಡು ಬಂದ. ಮಹೆವಿಶ ಅನಸುಬಾಯಿಯನ್ನು ತೋರಿಸಿ ಮುಚ್ಚುಮರೆ ಇಲ್ಲದೆ ಹೇಳಿದಳು. ಅವನು ನಗುತ್ತಾನೆಂದು ಅನಸುಬಾಯಿ ಕಾದಳು. ನಗಲಿಲ್ಲ, ಡೈರಿಯಲ್ಲಿ ಚಿತ್ರ ಸಮೇತ ಬರೆದುಕೊಂಡ.

ಮರುವರ್ಷ ಅನಸುಬಾಯಿ ಮತ್ತೆ ಪಂದ್ಯಾವಳಿಗೆ ಹೋದಾಗ ಆ ಕೋಚಿನ ತಂಡ ಅಭ್ಯಾಸ ಮಾಡುತ್ತಿತ್ತು, ಎಡಕ್ಕೂ ಬಲಕ್ಕೂ, ಕೈ ತೋರಿಸಿ. ಅವರ ಪಂದ್ಯ ಶುರುವಾಗಿ, ತೆಳ್ಳಗಿನ ಒಬ್ಬ ಹುಡುಗಿ ಚೆಂಡು ಹೊಡೆದವಳೇ ಗಡಿಬಿಡಿಯಲ್ಲಿ ಎಡಗೈ ಚಾಚಿ ಎಡಕ್ಕೆ ಓಡಿಬಿಟ್ಟಳು. ಔಟ್. ಹುಡುಗಿ ಗೆರೆಯ ಆಚೆ ಬಂದು ಮೊಣಕಾಲಿನಲ್ಲಿ ಮುಖ ಇಟ್ಟು ಅಳತೊಡಗಿದಳು.

ಅನಸುಬಾಯಿ ತಡೆಯಲಾರದೆ ನೀರಿನ ಬಾಟಲಿ ಹಿಡಿದು ಅವಳ ಬಳಿ ಹೋದಳು.

“ತಪ್ಪು ನಿಂದಲ್ಲ ನನ್ನವ್ವ, ನಂದದ. ನಾ ಒಂದಿನ ತಿಳೀದ ಹೇಳಿದ್ದು, ಇಲ್ಲೀತನಕ ಬಂದದ. ನನ್ನ ಕ್ಷಮಿಸವ್ವ.”

ಹುಡುಗಿಗೆ ಒಂದು ಮಾತೂ ತಿಳಿಯಲಿಲ್ಲ. ಕಣ್ಣು ಒರೆಸಿಕೊಂಡು ಕೋಚಿನ ಕಡೆ ನೋಡಿದಳು. ಅವನು ದೂರದಿಂದಲೇ ಕೈ ಮುಗಿದು ತಮ್ಮ ಭಾಷೆಯಲ್ಲಿ ಏನೋ ಹೇಳಿದ. ಹುಡುಗಿ ಎದ್ದು ನಿಂತು, ಅನಸುಬಾಯಿ ಬೇಡ ಬೇಡವೆಂದು ಹಿಂದೆ ಸರಿಯುತ್ತಿದ್ದರೂ, ಬಾಗಿ ಅವಳ ಎರಡೂ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು.