ಗೌರಮ್ಮನ ಗದ್ದೆಯ ಮೇಲೊಂದು ಬಾಡಿಗೆ ಮನೆ

ಶಿಕಾರಿಪುರಕ್ಕೆ ಬಂದ ಮೊದಲ ಭೂಮಿ ಹುಣ್ಣಿಮೆಯ ನಸುಕಿನಲ್ಲಿ ಹಿತ್ತಲ ಬಾಗಿಲು ತೆಗೆದರೆ, ಗುರುತಿಲ್ಲದ ಮುದುಕಿಯೊಬ್ಬರು ನಮ್ಮ ಬಚ್ಚಲ ಪಕ್ಕ ಅನ್ನ ಚೆಲ್ಲುತ್ತಿದ್ದರು! ಬೆಚ್ಚಿ ಕೂಗಿಕೊಂಡೆ.

"ಹೆದರಬ್ಯಾಡ ತಂಗಿ. ನಮ್ಮ ಗದ್ದಿಗೆ ಚರಗ ಚೆಲ್ಲಾಕ ಬಂದೀನಿ" ಎಂದರು.

ಗದ್ದೆ ಎಲ್ಲಿತ್ತು? ಹೆಂಚಿನ ಮನೆಗಳ ಸಾಲು, ಲೈಟು ಕಂಬ, ಆಚೆಗೆ ಬಸ್ಸಿನ ಹಾರನ್ನು. ಅಂಜನಾಪುರ ಜಲಾಶಯದ ನೀರಿನಲ್ಲಿ ಭತ್ತ ಬೆಳೆಯುತ್ತಿದ್ದ ಈ ಗೌರಮ್ಮನವರ ಗದ್ದೆಯೇ ಈಗ ಸೈಟುಗಳಾಗಿದೆ. ಸೈಟು ಎಂದರೆ, ನನ್ನ ತವರೂರು ಜಡೆಯವರಿಗೆ ಹೇಳುವುದಾದರೆ, ಮನೆ ಕಟ್ಟಲೆಂದು ಅಳೆದು ಕಲ್ಲು ನೆಟ್ಟ ನೆಲ. ಅಂಥದ್ದೊಂದರ ಮೇಲೆ ನಮ್ಮ ಬಾಡಿಗೆ ಮನೆ. ಯಜಮಾನರಿಗೆ ಇಲ್ಲಿನ ಅಕ್ಕಿ ಗಿರಣಿಯಲ್ಲಿ ಕೆಲಸ.

"ಬಾಡಿಗೆ ಕೊಡೋರು ನಾವು. ಕೇಳದೆ ಬರೋದಾ?" ಎಂದೆ.

"ಬಾಡಿಗಿ ಗ್ವಾಡಿಗೆ ಕೊಡ್ತೀಯವ್ವ, ಮಣ್ಣಿಗಲ್ಲ."

ನನಗೆ ಮೈಯೆಲ್ಲ ಉರಿಯಿತು. ಮಾರಿದ ನೆಲದ ಮೇಲೂ ಇವರಿಗೆ ಹಕ್ಕು. ಚರಗವೆಂದು ಭೂಮಿತಾಯಿಗೆ ಒಂದು ಹಿಡಿ ಉಣಿಸಲು ನನಗೆ ಜಾಗವಿಲ್ಲ. ಜಡೆಯಲ್ಲಿ ಭೂಮಣ್ಣಿ ಬುಟ್ಟಿ ಬರೆಯುತ್ತಿದ್ದವಳು ನಾನು. ಚರಗದ ಅಡುಗೆಯನ್ನು ಗದ್ದೆಗೆ ಹೊರುವ ಆ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನಲ್ಲಿ ಸಸಿ, ಜೋಡೆತ್ತು ಬರೆದರೆ ಕೇರಿಯ ಹೆಂಗಸರೆಲ್ಲ ನೋಡಲು ಬರುತ್ತಿದ್ದರು. ಈಗ ಅದು ತಮ್ಮನ ಹೆಂಡತಿ ನಾಗವೇಣಿಯ ಪಾಲು. ಹೊಟ್ಟೆಕಿಚ್ಚು ತಡೆಯಲಾರದೆ ಇಲ್ಲೂ ಒಂದು ಬುಟ್ಟಿ ಬರೆದು, ಹೊರಲು ಗದ್ದೆಯಿಲ್ಲದೆ ಗೋಡೆಗೆ ತೂಗುಹಾಕಿದ್ದೆ.

ಗೌರಮ್ಮನವರ ಕಣ್ಣು ಅದರ ಮೇಲೆ ಬಿತ್ತು. ಅವರ ಕೈಯಲ್ಲಿದ್ದದ್ದು ಬರೀ ಬಿದಿರ ಬುಟ್ಟಿ.

"ಇದನ್ಯಾರು ಬರ್ದಾರ?"

"ನಾನೇ."

"ಸುಮ್ನ ಗ್ವಾಡಿಗೆ ಹಾಕೀಯಲ್ಲ! ನಮ್ಮ ಸೊಸಿಗೆ ಕಸೂತಿ ಬರ್ತೈತಿ, ಇದು ಬರಂಗಿಲ್ಲ."

ಅದೂ ಹೊಟ್ಟೆಕಿಚ್ಚೇ. ನನಗೆ ಗುರುತು ಸಿಗದೆ ಇರುತ್ತದೆಯೇ? ಈ ಊರಿಗೆ ಬಂದ ಮೇಲೆ ಅಂದೇ ಮೊದಲು ನನ್ನ ಮನಸ್ಸು ತಣ್ಣಗಾದದ್ದು.

"ಮುಂದಿನ ವರ್ಷ ನಿಮ್ಮ ಬುಟ್ಟಿ ನಾನು ಬರ್ಕೊಡ್ತೀನಿ. ಆದ್ರೆ ಈ ಹಿತ್ತಲಲ್ಲಿ ಚರಗ ಚೆಲ್ಲೋದು ನಾನು."

ಅವರು ಹಿತ್ತಲನ್ನೊಮ್ಮೆ ಕಣ್ಣಲ್ಲೇ ಅಳೆದರು. "ಬಚ್ಚಲಿಂದ ಬೇಲಿ ತನಕ ನಿಂದು. ರಸ್ತಿ ಕಡಿ ನಂದು."

ಈ ವರ್ಷ ಮಹಾನವಮಿ ಕಳೆದು ಅವರ ಬುಟ್ಟಿಗೆ ಕೆಮ್ಮಣ್ಣು ಬಳಿದಿದ್ದೆ. ಅಷ್ಟರಲ್ಲಿ ಸೊರಬದ ಬಸ್ಸಿನ ಕಂಡಕ್ಟರ್ ಬಾಯಲ್ಲಿ ನಾಗವೇಣಿ ಹೇಳಿಕಳಿಸಿದಳು: "ಅತ್ತಿಗೆ, ಹೋದ ವರ್ಷ ಬುಟ್ಟಿ ಮೇಲೆ ನಾ ಬರೆದ ಎತ್ತು ನಾಯಿ ಥರ ಬಂದಿದ್ವು. ಈ ಸಲ ನೀವೇ ಬರಬೇಕು." ಆ ನಾಯಿಗಳನ್ನು ನೆನೆದು ಮನಸಾರೆ ನಕ್ಕೆ. ಓಡಿಹೋಗಬೇಕೆನಿಸಿತು. ಆದರೆ ನಾನು ಹೋದರೆ ಗೌರಮ್ಮನವರು ಬೇಲಿಯ ತನಕ ತಾವೇ ಚೆಲ್ಲಿಬಿಡುತ್ತಾರೆ. ಹೋಗಲಿಲ್ಲ.

ಹುಣ್ಣಿಮೆಯ ನಸುಕಿನಲ್ಲಿ ಬಚ್ಚಲಿಂದ ಬೇಲಿಯವರೆಗೆ ಚರಗ ಚೆಲ್ಲಿದೆ. ನಾನೆಲ್ಲಿ ಗಡಿ ದಾಟುತ್ತೇನೋ ಎಂದು ಗೌರಮ್ಮನವರು ರಸ್ತೆಯಿಂದ ನೋಡುತ್ತಲೇ ಇದ್ದರು. ಈ ಊರಿನಲ್ಲಿ ನನ್ನದೆನ್ನಲು ಅಷ್ಟು ನೆಲವಾಯಿತು.

ಮೊನ್ನೆ ಅದೇ ಕಂಡಕ್ಟರ್ ಸುದ್ದಿ ತಂದ. ಜಡೆಯಲ್ಲಿ ನಾಗವೇಣಿ ತಾನೇ ಬುಟ್ಟಿ ಬರೆದಳಂತೆ. ಎತ್ತುಗಳು ಎದ್ದು ಬರುವಂತಿದ್ದವಂತೆ. ಕೇರಿಯ ಹೆಂಗಸರೆಲ್ಲ ನೋಡಲು ಬಂದಿದ್ದರಂತೆ.

ಬಹಳ ಸಂತೋಷವಾಯಿತೆಂದು ಹೇಳಿಕಳಿಸಿದ್ದೇನೆ. ಅದು ಸುಳ್ಳೆಂದು ಜಡೆಯವರಿಗೆ ತಿಳಿದಿರಲಿ ಎಂದೇ ಇಷ್ಟೆಲ್ಲ ಬರೆದೆ.