ಅಪ್ಪ ಪೇಟೆಗೆ ಬಂದ ಬಗೆ

ಮೂಡುಬಿದಿರೆ ಪೇಟೆಯಲ್ಲಿ ನನ್ನದೊಂದು ಹೋಟೆಲಿದೆ. ಐದು ಮೇಜು, ಬೆಳಿಗ್ಗೆ ಬನ್ಸ್, ಸಂಜೆ ಗೋಳಿಬಜೆ. ಆರನೇ ಕ್ಲಾಸಿಗೆ ಶಾಲೆ ಬಿಟ್ಟು, ಇದೇ ಪೇಟೆಯಲ್ಲಿ ಇನ್ನೊಬ್ಬರ ಹೋಟೆಲಿನಲ್ಲಿ ಲೋಟ ತೊಳೆದು, ಹಿಟ್ಟು ಕಲಸಿ, ಕಡೆಗೆ ಸ್ವಂತದ್ದು ಮಾಡಿಕೊಂಡವನು ನಾನು. ಇದನ್ನು ಮೊದಲೇ ಹೇಳುತ್ತೇನೆ. ಓದಿದವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು ಎಂದು ಯಾರೂ ತಿಳಿಯುವುದು ಬೇಡ.

ಎರಡು ವಾರಕ್ಕೊಮ್ಮೆ, ಭಾನುವಾರ ಬೆಳಿಗ್ಗೆ, ಕಾಲೇಜಿನ ಒಬ್ಬ ಉಪನ್ಯಾಸಕರು ಇಪ್ಪತ್ತು ಮೂವತ್ತು ಜನರನ್ನು ಕಟ್ಟಿಕೊಂಡು ಪೇಟೆ ಸುತ್ತಿಸುತ್ತಾರೆ. ಬಸದಿಗಳ ಬೀದಿಯಿಂದ ಹೊರಟು ನನ್ನ ಹೋಟೆಲಿನಲ್ಲಿ ಚಹಾ ಕುಡಿದು ಮುಗಿಸುತ್ತಿದ್ದರು. ಯಾರು ಆಳಿದರು, ಗೋವೆಯಿಂದ ಓಡಿ ಬಂದ ಕೊಂಕಣಿ ವ್ಯಾಪಾರಿಗಳು ಎಲ್ಲಿ ಅಂಗಡಿ ಹಾಕಿದರು, ಕೇರಳದವರು ಯಾವಾಗ ಬಂದರು ಎಂದೆಲ್ಲ ಚಂದದಲ್ಲಿ ಹೇಳುತ್ತಿದ್ದರು. ನಾನು ಬಾಣಲೆಯ ಹತ್ತಿರ ನಿಂತೇ ಕಿವಿ ಕೊಡುತ್ತಿದ್ದೆ. ಖುಷಿಯೂ ಆಗುತ್ತಿತ್ತು.

ಒಂದು ಭಾನುವಾರ ಅವರು ಹೋಟೆಲಿನ ಪಕ್ಕದ ಓಣಿಯ ಬಾಯಲ್ಲಿ ನಿಂತರು. ಕೊರಳಿಗೆ ನೇತುಹಾಕಿದ ಮೈಕಿನಲ್ಲಿ ಹೇಳಿದ್ದು ಇಷ್ಟು: ಭೂಮಸೂದೆ ಬಂದ ಮೇಲೆ ಒಕ್ಕಲುಗಳೆಲ್ಲ ಗದ್ದೆಯ ಯಜಮಾನರಾದರು, ಬೇಸಾಯ ಬೇಡವೆನಿಸಿದವರು ಪೇಟೆಯ ಸುಲಭದ ಜೀವನ ಅರಸಿ ವಲಸೆ ಬಂದು ಈ ಓಣಿಯಲ್ಲಿ ನೆಲೆಸಿದರು. ಜನ ಮೊಬೈಲಿನಲ್ಲಿ ಓಣಿಯ ಫೋಟೋ ತೆಗೆದರು. ಆ ಓಣಿಯ ಕಡೆಯ ಮನೆ ನನ್ನ ಅಪ್ಪನದು.

ವೇಣೂರಿನ ಹತ್ತಿರ ಮೂರು ತಲೆಮಾರು ಗೇಣಿಗೆ ಗದ್ದೆ ಮಾಡಿದ ಮನೆ ನಮ್ಮದು. ಭೂಮಸೂದೆ ಬಂದಾಗ, ಈ ಭೂಮಿ ಉಳುವವನು ನಾನು ಎಂದು ಒಕ್ಕಲು ಅರ್ಜಿ ಕೊಡಬೇಕಿತ್ತು. ಡಿಕ್ಲರೇಷನ್ ಎನ್ನುತ್ತಿದ್ದರು. ಅಪ್ಪ ಶಾಲೆಯ ಮಾಷ್ಟ್ರ ಕೈಯಲ್ಲಿ ಅದನ್ನು ಬರೆಸಿ ಇಟ್ಟುಕೊಂಡಿದ್ದರು. ಧಣಿ ಹೊಡೆಯಲಿಲ್ಲ, ಬೈಯಲೂ ಇಲ್ಲ. ಸಂಕ್ರಮಣದ ದಿನ ದೈವದ ಗುಡಿಗೆ ಕರೆಸಿಕೊಂಡರು. ನಾನಿರುವಷ್ಟು ಕಾಲ ಗದ್ದೆ ನಿನ್ನದೇ ಎಂದರು. ಧಣಿಯ ಮನೆಯ ಮೇಲೆ ಡಿಕ್ಲರೇಷನ್ ಕೊಡುವುದಿಲ್ಲ ಎಂದು ಅಪ್ಪನ ಬಾಯಲ್ಲಿ ದೈವದ ಎದುರು ಹೇಳಿಸಿ ಗಂಧಪ್ರಸಾದ ಹಿಡಿಸಿದರು. ನಮ್ಮ ಕಡೆ ಹಾಗೆ ಹೇಳಿದ ಮೇಲೆ ಮುಗಿಯಿತು. ಅಪ್ಪ ಮನೆಗೆ ಬಂದು ಅರ್ಜಿಯನ್ನು ಒಲೆಗೆ ಹಾಕಿದರು. ಅರ್ಜಿಯ ಕಡೆಯ ದಿನ ದಾಟಿತು. ಮುಂದಿನ ಮಳೆಗೆ ಅಪ್ಪ ಕೋಣ ಹೊಡೆದುಕೊಂಡು ಹೋದರೆ ಗದ್ದೆಯಲ್ಲಿ ಬೇರೆಯವರ ನೇಗಿಲು ಇತ್ತು. ಕೇಳಲು ಹೋದ ಅಪ್ಪನಿಗೆ, ನಿನ್ನ ಹತ್ತಿರ ಎಂತ ಕಾಗದ ಉಂಟು ಎಂದರಂತೆ ಧಣಿ. ಗದ್ದೆಯ ಜೊತೆ ಮನೆಯೂ ಹೋಗಿ ನಾವು ಈ ಓಣಿಗೆ ಬಂದೆವು.

ನಾನು ಸಟ್ಟುಗ ಹಿಡಿದುಕೊಂಡೇ ಓಣಿಗೆ ಹೋದೆ.

"ಸರ್, ಆ ಕಡೆಯ ಮನೆ ನನ್ನ ಅಪ್ಪಂದು. ಅವರು ಸುಲಭ ಹುಡುಕಿಕೊಂಡು ಬಂದದ್ದಲ್ಲ. ಅವರನ್ನು ಒಕ್ಕಲೆಬ್ಬಿಸಿದ್ದು."

ಅವರು ಕೆಟ್ಟ ಮನುಷ್ಯರೇನಲ್ಲ. ನಾನು ಹೇಳಿದ್ದನ್ನೆಲ್ಲ ಬರೆದುಕೊಂಡರು. ಆಮೇಲೆ ಗೇಣಿ ಚೀಟಿಯೋ ಅರ್ಜಿಯ ಪ್ರತಿಯೋ, ಏನಾದರೂ ದಾಖಲೆ ಇದೆಯೇ ಎಂದು ಕೇಳಿದರು.

"ದೈವದ ಎದುರು ಆಡಿದ ಮಾತಿಗೆ ರಶೀದಿ ಕೊಡುವ ಕ್ರಮ ಉಂಟಾ ಮಾರಾಯ್ರೆ?"

ಜನ ನಕ್ಕರು. ನಾನು ನಗಿಸಲು ಹೇಳಿದ್ದಲ್ಲ. ಧಣಿ ಕೇಳಿದ್ದನ್ನೇ ಇವರೂ ಕೇಳಿದರಲ್ಲ ಎಂದು ನನ್ನ ಮೈಯೆಲ್ಲ ಉರಿಯುತ್ತಿತ್ತು. ಓಣಿಯ ಬಾಯಲ್ಲಿ ಅದರ ಚರಿತ್ರೆಯ ಒಂದು ಬೋರ್ಡು ಹಾಕುವವರಿದ್ದೇವೆ, ಅದರಲ್ಲಿ ಸರಿಮಾಡುತ್ತೇನೆ ಎಂದು ಹೇಳಿ ಹೋದರು.

ಆ ಮನೆಯಲ್ಲಿ ಈಗ ಅಕ್ಕ ಇದ್ದಾಳೆ. ಮೊರ ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಿದ್ದವಳಿಗೆ ಬೋರ್ಡಿನ ವಿಷಯ ಹೇಳಿದೆ.

"ಮಾತಿಗೆ ತಪ್ಪದವರು ಅಂತ ಅಪ್ಪನಿಗೆ ಒಂದು ಹೆಸರುಂಟು," ಎಂದಳು. "ಅವರು ಮೋಸ ಹೋದರು ಅಂತ ಬೋರ್ಡು ಹಾಕಿಸ್ತೀಯಾ ನೀನು?"

"ಅವರ ಮಾತು ಉಳೀತು. ನನ್ನ ಶಾಲೆ ಹೋಯ್ತು."

ಅಕ್ಕ ನೂಲು ಸುತ್ತುತ್ತಲೇ ಇದ್ದಳು. ಅಪ್ಪ ಸಾಯುವವರೆಗೂ ಧಣಿಯ ಬಗ್ಗೆ ಒಂದು ಕೆಟ್ಟ ಮಾತು ಆಡಲಿಲ್ಲ. ಆ ಸಿಟ್ಟೂ ನನ್ನಲ್ಲಿದೆ.

ಎರಡು ವಾರ ಕಳೆದು ಉಪನ್ಯಾಸಕರು ಬಂದರು. ಓಣಿಯ ಬಾಯಲ್ಲಿ ನಿಂತು ಹೊಸ ಕತೆ ಹೇಳಿದರು. ದೈವಕ್ಕೆ ಕೊಟ್ಟ ಮಾತಿಗಾಗಿ, ಕಾನೂನು ಕೊಟ್ಟ ಭೂಮಿಯನ್ನೇ ಬೇಡವೆಂದ ಒಬ್ಬ ರೈತ ಇಲ್ಲಿದ್ದರು. ಧಣಿ ಒಕ್ಕಲುಗಳ ನಡುವೆ ಅಂಥ ವಿಶ್ವಾಸವಿದ್ದ ನಾಡು ನಮ್ಮದು. ಜನ ಚಪ್ಪಾಳೆ ತಟ್ಟಿದರು. ಒಬ್ಬ ಹೆಂಗಸು ಬಂದು ನನ್ನ ಕೈಯನ್ನೇ ಹಿಡಿದುಕೊಂಡರು. ಮೊದಲ ದಿನ ಬಂದದ್ದು ಸಿಟ್ಟೇ ಅಲ್ಲ ಎನ್ನುವಷ್ಟು ಸಿಟ್ಟು ಈಗ ಬಂತು. ಅಂದು ಅವರು ತಿಳಿಯದೆ ತಪ್ಪು ಹೇಳಿದ್ದರು. ಇಂದು ಎಲ್ಲ ತಿಳಿದ ಮೇಲೆ, ಕತೆಯನ್ನು ತಮಗೆ ಬೇಕಾದಲ್ಲಿಗೆ ನಿಲ್ಲಿಸಿದ್ದರು.

"ಚಪ್ಪಾಳೆ ಬೇಡ," ಎಂದೆ. "ಮುಂದಿನ ಮಳೆಗೆ ಎಂತ ಆಯ್ತು ಅಂತ ಇವರು ನಿಮಗೆ ಹೇಳಲಿಲ್ಲ."

ನಾನೇ ಹೇಳಿದೆ. ಬೇರೆಯವರ ನೇಗಿಲು, ಕಾಗದದ ಪ್ರಶ್ನೆ, ಅಮ್ಮ ತಲೆಯ ಮೇಲೆ ಹೊತ್ತು ತಂದ ಪಾತ್ರೆ, ಚಾಪೆ, ಎಲ್ಲ. ಯಾರೂ ಫೋಟೋ ತೆಗೆಯಲಿಲ್ಲ. ಕೆಲವರು ಚಹಾ ಕುಡಿಯದೆ ಹೋದರು.

ಉಪನ್ಯಾಸಕರು ನನ್ನನ್ನು ಬದಿಗೆ ಕರೆದು ಮೆಲ್ಲಗೆ ಹೇಳಿದರು. ಬೋರ್ಡಿಗೆ ದಾನ ಕೊಡುವವರು ಹಿಂದೆ ಧಣಿಗಳಾಗಿದ್ದ ದೊಡ್ಡ ಮನೆಯವರು, ಇಷ್ಟು ಖಾರವಾಗಿ ಬರೆದರೆ ಒಪ್ಪುವುದಿಲ್ಲ, ವಿಶ್ವಾಸದ ಮಾತನ್ನಷ್ಟೇ ಇಟ್ಟುಕೊಂಡರೆ ನಿಮ್ಮ ಅಪ್ಪನಿಗೂ ಮರ್ಯಾದೆ.

"ಬೋರ್ಡು ಎಲ್ಲಿಗೆ ಹೊಡೆಯುವುದು ಸರ್?"

ಅವರು ಓಣಿಯ ಬಾಯಿಯ ಗೋಡೆ ತೋರಿಸಿದರು. ಅದು ನನ್ನ ಹೋಟೆಲಿನ ಗೋಡೆ. ಒಂದೊಂದು ಕಲ್ಲೂ ನಾನೇ ಹೊತ್ತದ್ದು.

"ಇದಕ್ಕೆ ಒಂದು ಮೊಳೆ ಹೊಡೆಯಲಿಕ್ಕೂ ನಾನು ಬಿಡುವುದಿಲ್ಲ. ಪೂರ್ತಿ ಬರೆಯುವುದಾದರೆ ಬನ್ನಿ."

ಬೋರ್ಡು ಬರಲಿಲ್ಲ. ಪೇಟೆ ಸುತ್ತುವವರು ಈಗ ನಮ್ಮ ಓಣಿಗಿಂತ ಮೊದಲೇ ಎಡಕ್ಕೆ ತಿರುಗಿ ಬೇರೆ ಹೋಟೆಲಿಗೆ ಹೋಗುತ್ತಾರೆ. ಹೋಗಲಿ. ಬೀಡಿ ಕಟ್ಟುವಾಗ ಕ್ಯಾಮರಾದವರು ಇಣುಕುವುದು ನಿಂತಿತು, ಅಷ್ಟು ಸಾಕು ಎನ್ನುತ್ತಾಳೆ ಅಕ್ಕ. ನನಗೆ ಅಷ್ಟು ಸಾಲದು. ಸುಳ್ಳು ಬರೆಯುವುದನ್ನು ತಡೆದೆ, ನಿಜವನ್ನು ಬರೆಸಲು ನನ್ನಿಂದಾಗಲಿಲ್ಲ.