ಅತ್ತೆ, ನಾನು ಮತ್ತು ಜಪಾನ್ ಗಾಡಿ

ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನನ್ನ ಯಜಮಾನರನ್ನು ಅವರ ಕಾರ್ಖಾನೆಯವರು ತರಬೇತಿಗೆಂದು ಒಂದು ವರ್ಷ ಜಪಾನಿಗೆ ಕಳಿಸಿದ್ದರು. ವಾಪಸು ಬರುವಾಗ ನನಗೊಂದು ಬೀಸಣಿಗೆ, ಅತ್ತೆಗೊಂದು ಉಣ್ಣೆ ಶಾಲು ತಂದರು. ಎರಡು ತಿಂಗಳಾದ ಮೇಲೆ ಮದರಾಸಿನ ಬಂದರಿನಿಂದ ಲಾರಿಯಲ್ಲಿ ಒಂದು ಮರದ ಪೆಟ್ಟಿಗೆ ಬಂತು. ಅದರೊಳಗೆ ತಮಗೆಂದು ಕೊಂಡಿದ್ದ ಮೋಟಾರ್ ಸೈಕಲ್ಲು.

ರಾಜಾಜಿನಗರದ ನಮ್ಮ ಸಾಲಿನಲ್ಲಿ ಆಗ ಏಳೆಂಟು ಮನೆಗಳಿದ್ದವು, ಉಳಿದದ್ದೆಲ್ಲ ಖಾಲಿ ಸೈಟು. ಪೊಲೀಸರು ಓಡಿಸುವ ಇಂಗ್ಲೆಂಡಿನ ದಪ್ಪ ಗಾಡಿಗಳನ್ನಷ್ಟೇ ಕಂಡಿದ್ದ ನಮಗೆ ಈ ಸಣಕಲು ಗಾಡಿ ಆಟದ ಸಾಮಾನಿನಂತೆ ಕಂಡಿತು. ಕಂದುಗೆಂಪು ಬಣ್ಣ, ನೂರಿಪ್ಪತ್ತೈದು ಸಿಸಿ, ಒಂದೇ ಸಿಲಿಂಡರು. ಪೆಟ್ರೋಲಿಗೇ ಆಯಿಲ್ ಬೆರೆಸಿ ಹಾಕಬೇಕು. ಬಿಟ್ಟ ನೀಲಿ ಹೊಗೆ ಒಣಹಾಕಿದ ಸಂಡಿಗೆಯ ಮೇಲೆ ಕೂರುತ್ತದೆಂದು ಅತ್ತೆ ಗೊಣಗುತ್ತಿದ್ದರು.

ಹದಿನೈದು ದಿನ ಓಡಿಸಿದ್ದರೋ ಇಲ್ಲವೋ, ಯಜಮಾನರು ಬಚ್ಚಲಲ್ಲಿ ಜಾರಿ ಬಿದ್ದು ಬಲಗಾಲು ಮುರಿದುಕೊಂಡರು. ಪ್ಲಾಸ್ಟರ್ ಹಾಕಿ, ಮೂರು ತಿಂಗಳು ನೆಲಕ್ಕೆ ಕಾಲೂರಬೇಡಿ ಎಂದು ಡಾಕ್ಟರು ಹೇಳಿದರು. ಗಾಡಿ ಜಗುಲಿಯ ಪಕ್ಕ ನಿಂತುಬಿಟ್ಟಿತು. ನಿಂತಲ್ಲೇ ನಿಂತರೆ ಕೆಟ್ಟುಹೋಗುತ್ತದೆ ಎಂಬುದೇ ಅವರಿಗೆ ಕಾಲುನೋವಿಗಿಂತ ದೊಡ್ಡ ಚಿಂತೆ. ಕೊನೆಗೆ ನನ್ನನ್ನೇ ಕರೆದು, ಸ್ಟ್ಯಾಂಡಿನ ಮೇಲಿಟ್ಟು ದಿನಾ ಸಂಜೆ ಸ್ವಲ್ಪ ಹೊತ್ತು ಎಂಜಿನ್ ಓಡಿಸು ಎಂದರು. ಮದುವೆಗೆ ಮುಂಚೆ ನಾನು ಕೆಂಗೇರಿಯಲ್ಲಿ ಅಪ್ಪನ ಸೈಕಲ್ಲು ತುಳಿಯುತ್ತಿದ್ದವಳು. ಕಿಕ್ಕರ್ ಒದೆಯುವುದು ಮೂರನೇ ದಿನಕ್ಕೆ ಕೈವಶ, ಅಲ್ಲ, ಕಾಲುವಶವಾಯಿತು.

ಸಂಜೆ ಹೊತ್ತು ಅವರು ಗಾಡಿ ತಯಾರಿಸಿದ ಕಂಪನಿಯ ಕ್ಯಾಟಲಾಗು ಬಿಡಿಸಿ ತೋರಿಸುತ್ತಿದ್ದರು. ಒಂದು ಪುಟದಲ್ಲಿ ನಮ್ಮ ಗಾಡಿ, ಮುಂದಿನದರಲ್ಲಿ ಇನ್ನೂರೈವತ್ತು ಸಿಸಿಯ ಎರಡು ಸಿಲಿಂಡರಿನದು. ಆಮೇಲೆ ರೇಸಿನ ಗಾಡಿ, ಅದನ್ನು ಓಡಿಸುವವನು ಟ್ಯಾಂಕಿನ ಮೇಲೆ ಬೋರಲಾಗಿ ಮಲಗಿದ್ದ. ಜಪಾನಿ ಅಕ್ಷರ ಇಬ್ಬರಿಗೂ ಓದಲು ಬಾರದು. ಚಿತ್ರ ನೋಡಿಯೇ ಅವರು ಕ್ಲಚ್ಚು, ಗೇರು, ಪ್ಲಗ್ಗು ಎಲ್ಲ ಬಿಡಿಸಿ ಹೇಳಿದರು. ಒಂದು ದಿನ ತಾವಾಗಿಯೇ, "ಸ್ಟ್ಯಾಂಡ್ ತೆಗೆದು ಒಂದು ರೌಂಡ್ ಹೋಗಿ ಬಾ, ನಾನಿಲ್ಲೇ ನೋಡ್ತಿರ್ತೀನಿ" ಅಂದರು. ಖಾಲಿ ಸೈಟುಗಳ ನಡುವೆ ಹೋದೆ. ಎರಡು ಸಲ ಬಿದ್ದೆ. ವಾರದೊಳಗೆ ನಾಲ್ಕನೇ ಗೇರಿಗೆ ಬಂದಿದ್ದೆ. ಅತ್ತೆ ಮಾತ್ರ ಅಷ್ಟು ದಿನವೂ ನನ್ನೊಡನೆ ನೆಟ್ಟಗೆ ಮಾತಾಡಲಿಲ್ಲ. ಬೀದಿಯವರ ಕಣ್ಣಿಗೆ ಬೀಳುವ ಸೊಸೆ ಅವರಿಗೆ ಬೇಕಿರಲಿಲ್ಲ.

ಹೀಗಿರುವಾಗ ಮಲ್ಲತ್ತಹಳ್ಳಿಯಿಂದ ಆಳೊಬ್ಬ ಬಂದು, ಅತ್ತೆಯ ಅಕ್ಕನಿಗೆ ಹತ್ತು ದಿನದಿಂದ ಜ್ವರ, ಊಟ ಬಿಟ್ಟಿದ್ದಾರೆ, ತಂಗಿಯನ್ನು ನೋಡಬೇಕು ಅಂತಿದ್ದಾರೆ ಎಂದ. ಅವನು ಹೋದ ಮೇಲೆ ಅತ್ತೆ ಕಂಬಕ್ಕೊರಗಿ ಕೂತರು. ಬಸ್ಸಿನಲ್ಲಿ ಹೋದರೆ ಎರಡು ಕಡೆ ಕಾದು, ನಾಯಂಡಹಳ್ಳಿಯಲ್ಲಿಳಿದು ಬಿಸಿಲಲ್ಲಿ ಅಷ್ಟು ದೂರ ನಡೆಯಬೇಕು. ಅವರ ಮಂಡಿ ಅದಕ್ಕೆ ಒಪ್ಪುವಂತಿರಲಿಲ್ಲ. ನನ್ನ ಕಡೆ ನೋಡದೆಯೇ ಕೇಳಿದರು:

"ನನ್ನನ್ನ ಹಿಂದೆ ಕೂರಿಸ್ಕೊಂಡು ಹೋಗೋಕಾಗುತ್ತೇನೇ?"

ಆಗುತ್ತೆ ಎಂದೆ. ಆಗುತ್ತದೋ ಇಲ್ಲವೋ ನನಗೇ ಗೊತ್ತಿರಲಿಲ್ಲ.

"ಹಾಗಾದ್ರೆ ಸೀರೆ ಹಿಂಗೆ ಉಟ್ಟರೆ ಆಗಲ್ಲ. ಬಾ ಇಲ್ಲಿ, ನಾಟಿ ಹಾಕೋವಾಗ ನಾವು ಹಾಕ್ತಿದ್ದ ಹಾಗೆ ಕಚ್ಚೆ ಹಾಕಿಕೊಡ್ತೀನಿ" ಎಂದು ತಾವೇ ನೆರಿಗೆಯನ್ನು ಹಿಂದಕ್ಕೆಳೆದು ಬಿಗಿಯಾಗಿ ಸಿಕ್ಕಿಸಿದರು. ನನಗಾಗ ಲೈಸೆನ್ಸೂ ಇರಲಿಲ್ಲ. ಇಷ್ಟು ವರ್ಷಗಳಾದ ಮೇಲೆ ಒಪ್ಪಿಕೊಳ್ಳಲು ನಾಚಿಕೆಯೇನಿಲ್ಲ.

ಮೈಸೂರು ರಸ್ತೆಯವರೆಗೆ ಅತ್ತೆ ನನ್ನ ಸೊಂಟ ಹಿಡಿದು ದೇವರ ನಾಮ ಹೇಳುತ್ತಿದ್ದರು. ನಾಯಂಡಹಳ್ಳಿ ಹತ್ತಿರ ಎಂಜಿನ್ ಎರಡು ಸಲ ಕೆಮ್ಮಿ ನಿಂತುಹೋಯಿತು. ಪಕ್ಕದಲ್ಲಿ ಎತ್ತುಗಳಿಗೆ ಲಾಳ ಕಟ್ಟುವ ಜಾಗದಲ್ಲಿದ್ದ ನಾಲ್ಕೈದು ಜನ ಎದ್ದು ಬಂದು ಸುತ್ತ ನಿಂತರು. ಒಬ್ಬರು, ತಳ್ಳಿಕೊಡಲೇನಮ್ಮ ಎಂದರು. ಬೇಡ ಅಣ್ಣ ಅಂದು, ಯಜಮಾನರು ಹೇಳಿಕೊಟ್ಟಿದ್ದಂತೆ ಪ್ಲಗ್ಗು ಬಿಚ್ಚಿದೆ. ಬೆರಳು ಸುಟ್ಟಿತು. ತುದಿಯಲ್ಲಿ ಮಸಿ ಕಟ್ಟಿತ್ತು. ಕೆರೆದು, ಒರೆಸಿ, ಮತ್ತೆ ಹಾಕಿ ಒದ್ದೆ. ನಾಲ್ಕನೇ ಒದೆತಕ್ಕೆ ಎಂಜಿನ್ ಶುರುವಾಯಿತು. ಅತ್ತೆ ಆ ಗಂಡಸರ ಮುಖಗಳನ್ನು ಒಂದೊಂದಾಗಿ ನೋಡಿ, "ನನ್ನ ಸೊಸೆ" ಅಂದರು. ಹತ್ತಿ ಕೂತರು. ಅಲ್ಲಿಂದ ಮುಂದೆ ದೇವರ ನಾಮ ನಿಂತಿತು. ಗದ್ದೆ ಬಯಲು ಬಂದಾಗ ಇದು ಯಾರದು, ಅದು ಯಾರದು ಎಂದು ಕೈ ಚಾಚಿ ತೋರಿಸತೊಡಗಿದರು.

ಮಲ್ಲತ್ತಹಳ್ಳಿಯ ಆ ಮನೆಯಲ್ಲಿ ದೊಡ್ಡತ್ತೆ ಗೋಡೆಯ ಕಡೆ ತಿರುಗಿ ಮಲಗಿದ್ದರು. ತಂಗಿ ಯಾವುದರ ಮೇಲೆ ಬಂದಳೆಂದು ಯಾರೋ ಹೇಳಿದ್ದೇ ಈ ಕಡೆ ಹೊರಳಿದರು. ಸುಳ್ಳು ಎಂದರು. ತೋರಿಸಿ ಎಂದು ಹಟ ಹಿಡಿದರು. ಇಬ್ಬರು ಹಿಡಿದು ಬಾಗಿಲಿಗೆ ಕರೆತಂದಾಗ, ಗಾಡಿಯ ಪಕ್ಕ ನಿಂತ ತಂಗಿಯನ್ನು ಮೇಲಿಂದ ಕೆಳಗೆ ನೋಡಿ ನಕ್ಕರು. ಕೆಮ್ಮು ಬರುವಷ್ಟು ನಕ್ಕರು. ಅವತ್ತು ಮಧ್ಯಾಹ್ನ ಒಂದು ಬಟ್ಟಲು ರಾಗಿ ಗಂಜಿ ಕುಡಿದರು. ಆ ತಿಂಗಳು ಅತ್ತೆಯನ್ನು ನಾನು ಇನ್ನೂ ನಾಲ್ಕು ಸಲ ಅಲ್ಲಿಗೆ ಕರೆದುಕೊಂಡು ಹೋದೆ. ಕೊನೆಯ ಸಲ ದೊಡ್ಡತ್ತೆ ಜಗುಲಿಯ ಮೇಲೆ ಕೂತು ಅವರೇಕಾಯಿ ಸುಲಿಯುತ್ತಿದ್ದರು.

ಪ್ಲಾಸ್ಟರ್ ಬಿಚ್ಚಿದ ಮೇಲೆ ಯಜಮಾನರೇ ನನ್ನನ್ನು ಲೈಸೆನ್ಸಿಗೆ ಕರೆದುಕೊಂಡು ಹೋದರು. ಇನ್ಸ್‌ಪೆಕ್ಟರು ನನ್ನಿಂದ ಎಂಟರ ಆಕಾರದಲ್ಲಿ ಆರು ಸಲ ಓಡಿಸಿ, ಫೇಲು ಮಾಡೋಣವೆಂದರೆ ಕಾಲು ನೆಲಕ್ಕೆ ತಾಗಲೇ ಇಲ್ಲವಲ್ಲ ಎಂದು ಪೆಚ್ಚುಮೋರೆಯಲ್ಲಿ ಸಹಿ ಹಾಕಿದರು.

ಮುಂದೆ ಅದೇ ಕಂಪನಿಯ ಎಷ್ಟೋ ಗಾಡಿಗಳನ್ನು ನೋಡಿದೆ. ಕ್ಯಾಟಲಾಗಿನ ಆ ಇನ್ನೂರೈವತ್ತನ್ನು ಯಜಮಾನರ ಸ್ನೇಹಿತರೊಬ್ಬರು ತರಿಸಿಕೊಂಡಾಗ ಒಂದು ರೌಂಡು ಹೊಡೆದೆ; ಕೈ ಅದುರುವಷ್ಟು ಬಲ ಅದಕ್ಕೆ. ಎಂಬತ್ತರ ದಶಕದಲ್ಲಿ ಆ ಕಂಪನಿಯ ನೂರು ಸಿಸಿ ಗಾಡಿ ನಮ್ಮ ದೇಶದಲ್ಲೇ ತಯಾರಾಗಿ, ವಿಜಯನಗರದ ಕಾಲೇಜು ಹುಡುಗರ ಕೈಗೆ ಬಂತು. ಕಳೆದ ವರ್ಷ ಮೊಮ್ಮಗಳು ಕಾಲೇಜಿಗೆಂದು ಅದೇ ಕಂಪನಿಯ ಗೇರಿಲ್ಲದ ಸ್ಕೂಟರು ಕೊಂಡಳು. ಬಸವೇಶ್ವರನಗರದ ಟ್ರಾಫಿಕ್ಕಿನಲ್ಲಿ ಓಡಿಸಲು ಅವಳಿಗೆ ಭಯ. ಈಗ ಬೆಳಿಗ್ಗೆ ಆರಕ್ಕೇ, ರಸ್ತೆ ತುಂಬುವ ಮೊದಲು, ನಾನು ಅವಳ ಹಿಂದೆ ಕೂತು ದಾರಿ ಹೇಳುತ್ತೇನೆ. ನಿನ್ನೆ ಅವಳು ನಾಗರಭಾವಿ ಸರ್ಕಲ್ಲನ್ನು ಒಂದು ಸಲವೂ ನಿಲ್ಲಿಸದೆ ದಾಟಿದಳು.